ವಾಲಿಗೆ ಥೈರಾಯ್ಡ್ ಆಪರೇಷನ್ ಆದ ಕಥೆ

ಹೊಲಿಗೆಯ ಗುರುತು ಮಾಸುತ್ತಾ ಬಂದಿದೆ. ಮಾತ್ರೆಯ ಡೋಸ್ ಒಂದು ಹದಕ್ಕೆ ನಿಂತಿದೆ. ಆಸ್ಪತ್ರೆಯ ಫೈಲು ಕಪಾಟಿನ ಮೇಲೆ ಹೋಗಿದೆ. ಮರೆತುಹೋಗುವ ಮೊದಲು ಬರೆದುಬಿಡೋಣ ಅನಿಸಿತು. ಥೈರಾಯ್ಡ್ ಆಪರೇಷನ್ ಬಗ್ಗೆ ಓದಲಿಕ್ಕೆ ಬೇಕಾದಷ್ಟು ಸಿಗುತ್ತದೆ. ಆದರೆ ವಾರವಿಡೀ ಪಾಠ ಮಾಡಿ, ಭಾನುವಾರ ತಾಳಮದ್ದಳೆಯಲ್ಲಿ ಅರ್ಥ ಹೇಳುವವಳು ಇದಕ್ಕೆ ಹೇಗೆ ತಯಾರಾಗಬೇಕು ಅಂತ ನನಗೆ ಎಲ್ಲೂ ಸಿಗಲಿಲ್ಲ. ಹಾಡುವವರು, ಹರಿಕಥೆಯವರು, ಟೀಚರ್‌ಗಳು, ವಕೀಲರು, ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು.

ನಾನು ಪುತ್ತೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಟೀಚರ್. ನಮ್ಮದೊಂದು ಮಹಿಳಾ ತಾಳಮದ್ದಳೆ ಸಂಘ ಇದೆ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ತಾಳಮದ್ದಳೆ ಅಂದರೆ ವೇಷ, ಕುಣಿತ ಎರಡೂ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ. ಅರ್ಥಧಾರಿಗಳು ಎದುರುಬದುರು ಕೂತು, ಪದದ ಅರ್ಥವನ್ನು ಅಲ್ಲೇ ಕಟ್ಟಿ ಮಾತಾಡಬೇಕು. ಬಾಯಿಪಾಠ ನಡೆಯುವುದಿಲ್ಲ. ಎದುರಿನವರು ಯಾವ ಪ್ರಶ್ನೆ ಹಾಕುತ್ತಾರೋ ಗೊತ್ತಿರುವುದಿಲ್ಲ. ಬಣ್ಣ ಇಲ್ಲ, ಕಿರೀಟ ಇಲ್ಲ, ಇರುವುದು ಸ್ವರ ಒಂದೇ. ನನ್ನದು ಸ್ವಲ್ಪ ದಪ್ಪ ಸ್ವರ. ಹಾಗಾಗಿ ವಾಲಿ, ಕೌರವ, ಮಾಗಧ ಎಲ್ಲ ನನ್ನ ಪಾಲಿಗೆ. ಸಂಘದವರ ಹೆಸರು ಹಾಕಬಾರದು ಅಂತ ಅಪ್ಪಣೆ ಆಗಿದೆ. ಇಲ್ಲಿ ಅವರನ್ನು ಪಾತ್ರದ ಹೆಸರಿನಲ್ಲೇ ಕರೆಯುತ್ತೇನೆ.

ಗಂಟನ್ನು ಮೊದಲು ಕಂಡದ್ದು ಸುಗ್ರೀವ. ವಾಲಿಯ ಎದುರು ಕೂರುವವಳು ಅವಳೇ ಅಲ್ವಾ. ನಾನು ಮಾತು ಮುಗಿಸಿ ನೀರು ಕುಡಿಯುತ್ತಿದ್ದೆ. ‘ಎಂತ ಮಾರಾಯ್ತಿ, ನೀನು ನೀರು ನುಂಗುವಾಗ ಕುತ್ತಿಗೆಯಲ್ಲಿ ಎಂತದೋ ಮೇಲೆ ಹೋಗಿ ಕೆಳಗೆ ಬರ್ತದೆ’ ಅಂದಳು. ಮನೆಗೆ ಬಂದು ಕನ್ನಡಿ ಮುಂದೆ ನಿಂತು ನೀರು ಕುಡಿದೆ. ಹೌದು. ಬಲಗಡೆ ಅಡಿಕೆ ಗಾತ್ರದ್ದೊಂದು ಏರಿ ಇಳಿಯುತ್ತಿತ್ತು. ನುಂಗುವಾಗ ಹೀಗೆ ಏರಿಳಿಯುವ ಗಂಟು ಹೆಚ್ಚಾಗಿ ಥೈರಾಯ್ಡಿನದ್ದು ಅಂತ ಆಮೇಲೆ ಡಾಕ್ಟರು ಹೇಳಿದರು. ನೀವೂ ಒಮ್ಮೆ ಕನ್ನಡಿ ಮುಂದೆ ನೋಡಿಕೊಳ್ಳಿ, ಖರ್ಚಿಲ್ಲ.

ಪುತ್ತೂರಿನಲ್ಲೇ ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತದಾ ಅಂತ ತೋರಿಸುವ ಟಿಎಸ್‌ಎಚ್ ಸರಿಯಾಗಿತ್ತು. ಅಬ್ಬ ಅಂದುಕೊಂಡೆ. ಆದರೆ ಗ್ರಂಥಿಯ ಕೆಲಸ ಬೇರೆ, ಅದರೊಳಗೆ ಬೆಳೆದ ಗಂಟು ಬೇರೆ. ಟಿಎಸ್‌ಎಚ್ ಸರಿ ಇದೆ ಅಂತ ಸ್ಕ್ಯಾನ್ ಬಿಡಬೇಡಿ. ಸ್ಕ್ಯಾನಿನಲ್ಲಿ ಎರಡೂ ಕಡೆ ಗಂಟು ಕಂಡವು. ಬಲಗಡೆಯದು 4 ಸೆಂಟಿಮೀಟರಿನ ಹತ್ತಿರ. ಆಮೇಲೆ ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ. ಹೆಸರು ಕೇಳಿ ಹೆದರುವುದು ಬೇಡ. ರಕ್ತ ತೆಗೆಯುವ ಸೂಜಿಗಿಂತ ದಪ್ಪ ಇಲ್ಲ. ಆ ಹೊತ್ತಿನಲ್ಲಿ ಉಗುಳು ನುಂಗಬಾರದು, ಮಾತಾಡಬಾರದು. ಕಷ್ಟ ಅಂದರೆ ಅದೇ.

ರಿಪೋರ್ಟಿನಲ್ಲಿ ‘ಬೆಥೆಸ್ಡಾ 4’ ಅಂತ ಇತ್ತು. ಓದಿ ನಿದ್ದೆ ಹಾರಿಹೋಯಿತು. ಇದು 1ರಿಂದ 6ರವರೆಗಿನ ಲೆಕ್ಕ. 2 ಬಂದರೆ ಅಪಾಯ ಇಲ್ಲದ ಗಂಟು. 6 ಬಂದರೆ ಕ್ಯಾನ್ಸರ್. 4 ಅಂದರೆ ಸೂಜಿಯಿಂದ ಹೇಳಲಿಕ್ಕೆ ಆಗುವುದಿಲ್ಲ ಅಂತ. ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶಗಳು. ಈ ಜಾತಿಯ ಗಂಟಿನಲ್ಲಿ ಕೋಶಗಳು ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಒಡೆದು ಹೊರಗೆ ಹೋಗಿವೆಯಾ ಅಂತ ನೋಡಿಯೇ ತೀರ್ಮಾನ ಮಾಡಬೇಕಂತೆ. ಅದನ್ನು ನೋಡಬೇಕಾದರೆ ಗಂಟನ್ನು ಇಡಿಯಾಗಿ ತೆಗೆಯಲೇಬೇಕು. ಅಂದರೆ ರೋಗ ಏನು ಅಂತ ಗೊತ್ತಾಗುವುದು ಆಪರೇಷನ್ ಆದ ಮೇಲೆ! ಇದನ್ನು ಮನೆಯಲ್ಲಿ ಎಲ್ಲರಿಗೂ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು.

ಒಂದು ಕೆಲಸ ತಪ್ಪದೆ ಮಾಡಿ. ಎಫ್‌ಎನ್‌ಎಸಿಯ ಗಾಜಿನ ಸ್ಲೈಡ್‌ಗಳನ್ನು ಲ್ಯಾಬಿನಿಂದ ಕೇಳಿ ತೆಗೆದುಕೊಳ್ಳಿ. ಅವನ್ನೇ ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ತೋರಿಸಬಹುದು, ಮತ್ತೆ ಚುಚ್ಚಿಸಿಕೊಳ್ಳಬೇಕಾಗಿಲ್ಲ. ನಾನು ಮಂಗಳೂರಿಗೆ ಕೊಂಡುಹೋದೆ. ಅಲ್ಲೂ ಅದೇ ಉತ್ತರ ಬಂತು. ಗಂಟು ಒಂದೇ ಕಡೆ ಇದ್ದರೆ ಎಷ್ಟೋ ಸಲ ಅರ್ಧ ಗ್ರಂಥಿ ತೆಗೆದರೆ ಸಾಕಾಗುತ್ತದೆ. ನನಗೆ ಎರಡೂ ಕಡೆ ಇದ್ದದ್ದರಿಂದ ಪೂರ್ತಿ ತೆಗೆಯುವುದು ಅಂತಾಯಿತು.

ಸಂಘದಲ್ಲಿ ಹೇಳಿದ್ದು ಅಭ್ಯಾಸ ಮುಗಿದು ಚಹಾ ಕುಡಿಯುವಾಗ. ಅಷ್ಟು ದಿನ ಸಿಕ್ಕವರೆಲ್ಲ ಕೇಳಿದ್ದು ‘ಕ್ಯಾನ್ಸರಾ?’ ಅಂತ. ಕೆಲವರು ‘ಏನೂ ಆಗುವುದಿಲ್ಲ ಬಿಡಿ, ಈಗ ಅದು ಮಾಮೂಲು’ ಅಂದಿದ್ದರು. ನಮ್ಮ ಭಾಗವತರು ಲೋಟ ಕೆಳಗಿಟ್ಟು, ‘ಸ್ವರಕ್ಕೆ ಎಂತ ಆಗ್ತದೆ?’ ಅಂತ ಕೇಳಿದರು. ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದೂ ಅದೇ. ಮನೆಯಲ್ಲಿ ಬಾಯಿಬಿಟ್ಟು ಹೇಳಲಿಕ್ಕೆ ಸಂಕೋಚ. ಜೀವ ಮುಖ್ಯವೋ ವಾಲಿ ಮುಖ್ಯವೋ ಅಂತ ಕೇಳುತ್ತಾರೆ ಅಂತ ಭಯ. ಇಲ್ಲಿ ಆ ಸಂಕೋಚ ಬೇಕಾಗಲಿಲ್ಲ. ಗಂಡನೂ ಮಗಳೂ ನನ್ನ ಜೊತೆಗಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಕಳೆದುಕೊಳ್ಳಬಹುದಾದ್ದು ಏನು ಅಂತ ಹೇಳದೆಯೇ ಗೊತ್ತಿದ್ದದ್ದು ಸಂಘದವರಿಗೆ.

ಸ್ವರಕ್ಕೆ ಆಗುವುದು ಇಷ್ಟು. ಥೈರಾಯ್ಡಿನ ಹಿಂದೆ, ಎಡ ಬಲ ಎರಡೂ ಕಡೆ, ಸ್ವರತಂತುಗಳಿಗೆ ಹೋಗುವ ತೆಳ್ಳಗಿನ ನರ ಇದೆ. ಅದಕ್ಕೆ ಪೆಟ್ಟಾದರೆ ಸ್ವರ ಒಡೆಯುತ್ತದೆ, ಗಾಳಿ ಸೋರಿದ ಹಾಗೆ ಬರುತ್ತದೆ. ಎರಡೂ ಕಡೆ ಪೆಟ್ಟಾದರೆ ಉಸಿರಿಗೇ ತೊಂದರೆ. ಅನುಭವಿ ಸರ್ಜನ್ ಕೈಯಲ್ಲಿ ಶಾಶ್ವತ ತೊಂದರೆ ಆಗುವುದು ನೂರರಲ್ಲಿ ಒಂದಿಬ್ಬರಿಗೆ. ಸ್ವಲ್ಪ ಕಾಲ ಇದ್ದು ಸರಿಯಾಗುವ ತೊಂದರೆ ಅದಕ್ಕಿಂತ ಜಾಸ್ತಿ. ಇನ್ನೊಂದು ಸಣ್ಣ ನರ ಮೇಲುಗಡೆ ಇದೆ. ಮಾತಾಡಲಿಕ್ಕೆ ಅದರ ಅಗತ್ಯ ಅಷ್ಟಾಗಿ ಕಾಣುವುದಿಲ್ಲ. ಸ್ವರ ಏರಿಸಲಿಕ್ಕೆ, ದೂರಕ್ಕೆ ಎಸೆಯಲಿಕ್ಕೆ ಅದು ಬೇಕು. ಅಮೆಲಿಟಾ ಗಲ್ಲಿ-ಕುರ್ಚಿ ಎಂಬ ಇಟಲಿಯ ಹಾಡುಗಾರ್ತಿಗೆ 1935ರಲ್ಲಿ ಥೈರಾಯ್ಡ್ ಆಪರೇಷನ್ ಆಗಿ, ಈ ನರ ಹೋಗಿ ಸ್ವರ ಹಾಳಾಯಿತು ಅಂತ ಸರ್ಜನ್‌ಗಳ ನಡುವೆ ಒಂದು ಕಥೆಯೇ ಇದೆ. ಅದು ಅಷ್ಟು ಸತ್ಯ ಅಲ್ಲ, ಸ್ವರ ಮೊದಲೇ ಇಳಿಯುತ್ತಿತ್ತು ಅಂತ ಈಚೆಗೆ ವಾದ ಮಾಡಿದವರಿದ್ದಾರೆ. ರಾತ್ರಿ 1 ಗಂಟೆಗೆ ಮೊಬೈಲಿನಲ್ಲಿ ಇಂಥದ್ದೆಲ್ಲ ಓದಬಾರದು. ನಾನು ಓದಿದೆ.

ಸರ್ಜನ್ ಹತ್ತಿರ ಹೋಗುವಾಗ ಭಾಗವತರೇ ಜೊತೆಗೆ ಬಂದರು. ಅವರು ನಿವೃತ್ತ ಹೆಡ್‌ಮಿಸ್, ಪ್ರಶ್ನೆಪತ್ರಿಕೆ ತಯಾರಿಸಿಯೇ ತಂದಿದ್ದರು. ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ? ನರ ಎಲ್ಲಿದೆ ಅಂತ ತೋರಿಸುವ ಮಾನಿಟರ್ ಬಳಸುತ್ತೀರಾ? ಆಪರೇಷನ್ನಿಗೆ ಮೊದಲೂ ಆಮೇಲೂ ಸ್ವರತಂತು ನೋಡುತ್ತೀರಾ? ಸರ್ಜನ್ ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲದಕ್ಕೂ ಉತ್ತರ ಕೊಟ್ಟರು. ಬೇಜಾರು ಮಾಡಿಕೊಂಡಿದ್ದರೆ ಬೇರೆ ಸರ್ಜನ್ ನೋಡುತ್ತಿದ್ದೆವು, ನೀವೂ ಹಾಗೇ ಮಾಡಿ. ‘ತಾಳಮದ್ದಳೆಯಾ? ಹಾಗಾದ್ರೆ ಈಗಿನ ಸ್ವರ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಆಮೇಲೆ ಹೋಲಿಸಿ ನೋಡ್ಲಿಕ್ಕೆ ಬೇಕಾಗ್ತದೆ’ ಅಂದರು. ನನಗೆ ಸಿಕ್ಕಿದ ಸಲಹೆಗಳಲ್ಲಿ ಅತ್ಯಂತ ಉಪಯೋಗದ್ದು ಇದು. ಮುಂದಿನ ಭಾನುವಾರ ಸಂಘದಲ್ಲೇ ರೆಕಾರ್ಡ್ ಮಾಡಿದೆವು. ಪೇಪರಿನ ಒಂದು ಸುದ್ದಿ ಓದಿದ್ದು, ಒಂದೇ ಉಸಿರಲ್ಲಿ ‘ಆ’ ಅಂತ ಎಳೆದದ್ದು, ಕೊನೆಗೆ ಕಿಷ್ಕಿಂಧೆಯ ಬಾಗಿಲಲ್ಲಿ ಸುಗ್ರೀವನನ್ನು ಗದರಿಸುವ ವಾಲಿ.

ಆಪರೇಷನ್ ಬೇಸಗೆ ರಜೆಯಲ್ಲೇ ಮುಗಿಸಿ, ಶಾಲೆ ಶುರುವಾಗುವಾಗ ಹಾಜರಾಗುವುದು ಅಂತ ನನ್ನ ಲೆಕ್ಕ. ತಾಳಮದ್ದಳೆಗೂ ಸರಿಯಾಗುತ್ತಿತ್ತು. ಮೇ ಕೊನೆಗೆ ಪತ್ತನಾಜೆ (ತುಳುನಾಡಿನಲ್ಲಿ ಆಟ, ಉತ್ಸವಗಳು ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆಯೇ ನಮ್ಮ ಮಳೆಗಾಲದ ಕೂಟಗಳ ಭರಾಟೆ. ಆದರೆ ಇನ್ಶೂರೆನ್ಸ್ ಅಡ್ಡ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸುಸ್ತಾದದ್ದು ಇಲ್ಲೇ. ನನ್ನ ಪಾಲಿಸಿಗೆ ಎರಡು ವರ್ಷ ಕಳೆದಿತ್ತು, ಮೂರು ತುಂಬಿರಲಿಲ್ಲ. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು 3 ವರ್ಷದವರೆಗೆ ಹಣ ಕೊಡದೆ ಕಾಯಿಸಬಹುದು. 2024ಕ್ಕೆ ಮೊದಲು ಈ ಮಿತಿ 4 ವರ್ಷ ಇತ್ತು. ನನ್ನ ಗಂಟು ಕಂಡದ್ದು ಐದಾರು ತಿಂಗಳ ಹಿಂದೆ, ಹಾಗಾಗಿ ತೊಂದರೆ ಬರಬಾರದು. ಆದರೆ ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಯಾರೋ ಜೂನಿಯರ್ ಡಾಕ್ಟರ್ ‘ಐದು ವರ್ಷದಿಂದ ಊತ’ ಅಂತ ಬರೆದಿದ್ದರು. ನಾನು ಹೇಳಿದ್ದು ತಿಂಗಳು, ಅವರು ಬರೆದದ್ದು ವರ್ಷ. ಆ ಒಂದು ಪದ ಹಿಡಿದುಕೊಂಡು ಕಂಪನಿಯವರು ಕ್ಯಾಶ್‌ಲೆಸ್, ಅಂದರೆ ಆಸ್ಪತ್ರೆಗೆ ತಾವೇ ನೇರ ಹಣ ಕಟ್ಟುವುದನ್ನು, ತಡೆಹಿಡಿದರು. ಒಂದು ಕಾಗದ ಕೊಟ್ಟರೆ ಇನ್ನೊಂದು ಪ್ರಶ್ನೆ. ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ. ನಮ್ಮ ವಿಷಯದಲ್ಲಿ ಉತ್ತರ ಅಂತ ಬರುತ್ತಿದ್ದದ್ದೇ ಪ್ರಶ್ನೆ.

ಇಲ್ಲಿ ಎದ್ದು ನಿಂತವಳು ತಾರೆ. ಪ್ರಸಂಗದಲ್ಲಿ ವಾಲಿಗೆ ಬುದ್ಧಿ ಹೇಳುವವಳು ತಾರೆ, ವಾಲಿ ಕೇಳುವುದಿಲ್ಲ. ಈ ಸಲ ಕೇಳಿದೆ. ಅವಳು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು, ಕಾಗದಪತ್ರ ಅಂದರೆ ಹಬ್ಬ. ಸಂಘದ ಹಳೆಯ ಕೂಟಗಳ ಫೋಟೋಗಳನ್ನೆಲ್ಲ ತೆಗೆದು ಕೂತಳು. ನಾವು ಮಾತಾಡುವಾಗ ಪಕ್ಕದಿಂದ ತೆಗೆದ ಫೋಟೋಗಳು ಬೇಕಾದಷ್ಟು ಇದ್ದವು. ಕುತ್ತಿಗೆ ಚೆನ್ನಾಗಿ ಕಾಣುತ್ತದೆ. ದೊಡ್ಡದು ಮಾಡಿ ಮಾಡಿ ನೋಡಿದೆವು. ಹಿಂದಿನ ಮಳೆಗಾಲದ ಫೋಟೋದಲ್ಲಿ ಏನೂ ಇಲ್ಲ. ಕಾರ್ತಿಕದ ಕೂಟದ ಫೋಟೋದಲ್ಲಿ ಸಣ್ಣ ಉಬ್ಬು. ಇನ್ಶೂರೆನ್ಸಿನವರು ಫೋಟೋ ಕೇಳುವುದಿಲ್ಲ, ಅವರಿಗೆ ಬೇಕಾದ್ದು ಡಾಕ್ಟರ ಕಾಗದ. ಆದರೆ ಅದನ್ನು ನೋಡಿದ ಮೇಲೆ ಸರ್ಜನ್ ತಕ್ಷಣ ತಿದ್ದುಪಡಿ ಪತ್ರ ಬರೆದುಕೊಟ್ಟರು, ಸಹಿ ಸೀಲು ತಾರೀಕು ಸಮೇತ. ಅದರ ಜೊತೆ ಪುತ್ತೂರಿನ ಮೊದಲ ಸ್ಕ್ಯಾನ್ ರಿಪೋರ್ಟ್ ಇಟ್ಟೆವು. ಒಪ್ಪಿಗೆ ಬಂತು. ಅಷ್ಟರಲ್ಲಿ ಶಾಲೆ ಶುರುವಾಗಿತ್ತು, ನಾನು ಮೆಡಿಕಲ್ ರಜೆ ಬರೆದುಕೊಟ್ಟೆ.

ಆದ್ದರಿಂದ ಮೊದಲ ದಿನದ ಓಪಿಡಿ ಚೀಟಿಯನ್ನು ಅಲ್ಲೇ ನಿಂತು ಓದಿ. ಯಾವಾಗಿನಿಂದ ಅಂತ ಏನು ಬರೆದಿದ್ದಾರೆ ನೋಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆಯಾ ಅಂತಲೂ ನೋಡಿಕೊಳ್ಳಿ. ಮಿತಿ ಮೀರಿದ ರೂಮ್ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಇಡೀ ಬಿಲ್ಲಿನಲ್ಲೇ ಆ ಪ್ರಮಾಣದಲ್ಲಿ ಕಡಿತ ಮಾಡುವ ಪಾಲಿಸಿಗಳಿವೆ. ಇನ್ಶೂರೆನ್ಸ್ ಇಲ್ಲದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡ ಮಾತ್ರ ಸಿಗುತ್ತದೆ. ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅದನ್ನು ಮೊದಲೇ ಮಾಡಿಸಿಕೊಳ್ಳಿ. ನಮ್ಮ ಕಡೆ ಸಹಕಾರಿ ಸಂಘದ ಸದಸ್ಯತ್ವ ಇಲ್ಲದ ಕೃಷಿಕರ ಮನೆ ಕಡಿಮೆ, ಅವರು ಸಹಕಾರಿ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿಗೆ ಹೆಸರು ಹಾಕಿಸಿದ್ದರೆ ಅದೂ ಒಂದು ದಾರಿ.

ಒಪ್ಪಿಗೆ ಬರುವ ಮೊದಲೇ ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಬೇಕಿತ್ತು. ಸಂಘದ ಠೇವಣಿಯಿಂದ ಕೊಡುತ್ತೇವೆ ಅಂದರು. ನನಗೆ ಒಂಥರಾ ಆಯಿತು. ಅದು ಮೈಕ್ ಕೊಳ್ಳಲಿಕ್ಕೆ ಅಂತ ವರ್ಷಗಟ್ಟಲೆ ಕೂಡಿಸಿದ ದುಡ್ಡು. ತಾರೆ ನಿರ್ಣಯ ಪುಸ್ತಕ ತೆಗೆದು ‘ವಾಲಿಗೆ ಕೈಗಡ’ ಅಂತ ಬರೆದು, ಎಲ್ಲರ ಸಹಿ ಹಾಕಿಸಿ, ನನ್ನದನ್ನೂ ಹಾಕಿಸಿದಳು. ದಾನ ಅಲ್ಲ, ಸಾಲ. ತೆಗೆದುಕೊಳ್ಳಲಿಕ್ಕೆ ಹಗುರವಾಯಿತು. ಬಿಲ್ ತೀರಿದ ಮೇಲೆ ವಾಪಸು ಕಟ್ಟಿದೆ, ಅದಕ್ಕೂ ರಶೀದಿ ಕೊಟ್ಟಳು.

ಹಿಂದಿನ ಸಂಜೆ ಅಡ್ಮಿಟ್. ಮಾಣಿ, ಕಲ್ಲಡ್ಕ, ಬಿ.ಸಿ.ರೋಡ್ ದಾಟಿ ಮಂಗಳೂರು. ಕಲ್ಲಡ್ಕದಲ್ಲಿ ಸುಗ್ರೀವನಿಗೆ ಕೆಟಿ (ಕಲ್ಲಡ್ಕ ಟೀ) ಕುಡಿಯಲೇಬೇಕು, ಕುಡಿದೆವು. ರಾತ್ರಿ ಒಬ್ಬರಿಗೆ ಮಾತ್ರ ನಿಲ್ಲಲಿಕ್ಕೆ ಅವಕಾಶ, ಹೆಂಗಸರ ವಾರ್ಡು. ಮಗಳಿಗೆ ಪಿಯುಸಿ ಕ್ಲಾಸ್ ಶುರುವಾಗಿತ್ತು. ಹಾಗಾಗಿ ಸುಗ್ರೀವನೇ ನಿಂತಳು. ವಾಲಿಗೆ ಸುಗ್ರೀವ ಕಾವಲು ಅಂತ ಸಂಘದಲ್ಲಿ ಇವತ್ತಿಗೂ ನಗುತ್ತಾರೆ. ಬೆಳಿಗ್ಗೆ ನರ್ಸ್ ಬಂದು ಕರಿಮಣಿ, ಕಾಲುಂಗುರ, ಬಳೆ ಎಲ್ಲ ತೆಗೆಯಲು ಹೇಳಿದರು. ಕಾಲುಂಗುರ ಬರಲೇ ಇಲ್ಲ. ಸುಗ್ರೀವ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಳು, ಎಲ್ಲವನ್ನೂ ಕರ್ಚೀಫಿನಲ್ಲಿ ಗಂಟು ಹಾಕಿ ರವಿಕೆಯೊಳಗೆ ಇಟ್ಟುಕೊಂಡಳು. ಉಂಗುರಗಳನ್ನು ಮನೆಯಲ್ಲೇ ತೆಗೆದಿಟ್ಟು ಹೋಗಿ. ಉಗುರಿನ ಬಣ್ಣವೂ ಬೇಡ.

ಎಚ್ಚರವಾದಾಗ ಯಾರೋ ‘ಹೆಸರು ಹೇಳಿ’ ಅಂದರು. ಹೇಳಿದೆ. ಬಂದದ್ದು ನನ್ನ ಸ್ವರ ಅಲ್ಲ. ಉಸಿರೇ ಜಾಸ್ತಿ, ಸ್ವರ ಕಡಿಮೆ. ಗಂಟಲಿಗೆ ಟ್ಯೂಬ್ ಹಾಕಿದ್ದರಿಂದ ಕೆಲವು ದಿನ ಎಲ್ಲರಿಗೂ ಸ್ವಲ್ಪ ಒರಟು ಬರುತ್ತದೆ ಅಂತ ಸಮಾಧಾನ ಮಾಡಿದರು. ಆದರೆ ಮರುದಿನ ಕ್ಯಾಮೆರಾ ಹಾಕಿ ನೋಡಿದಾಗ ಬಲಗಡೆಯ ಸ್ವರತಂತು ಸರಿಯಾಗಿ ಅಲ್ಲಾಡುತ್ತಿರಲಿಲ್ಲ. ನರ ತುಂಡಾಗಿಲ್ಲ, ಮಾನಿಟರಿನಲ್ಲಿ ಕೊನೆಯವರೆಗೂ ಸಿಗ್ನಲ್ ಬಂದಿದೆ, ಎಳೆದಾಟಕ್ಕೆ ಸುಸ್ತಾಗಿದೆ, ವಾರಗಳಲ್ಲೋ ತಿಂಗಳುಗಳಲ್ಲೋ ಸರಿಯಾಗುತ್ತದೆ ಅಂದರು ಸರ್ಜನ್. ನಾನು ತಲೆ ಅಲ್ಲಾಡಿಸಿದೆ. ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಅತ್ತೆ. ಅಳಲಿಕ್ಕೂ ಸ್ವರ ಇರಲಿಲ್ಲ.

ನೀರು ಕುಡಿದರೆ ಕೆಮ್ಮು ಬರುತ್ತಿತ್ತು. ಗದ್ದ ಎದೆಯ ಕಡೆಗೆ ಬಗ್ಗಿಸಿ ಸಣ್ಣ ಗುಟುಕು ಕುಡಿಯಿರಿ ಅಂತ ಹೇಳಿಕೊಟ್ಟರು. ಅದು ಕೆಲಸ ಮಾಡಿತು. ನೀರಿಗಿಂತ ಗಂಜಿ ಸುಲಭ.

ಇನ್ನೊಂದು ಕಂಟಕ ಕ್ಯಾಲ್ಸಿಯಂ. ಥೈರಾಯ್ಡಿಗೆ ಅಂಟಿಕೊಂಡು ಸಾಮಾನ್ಯವಾಗಿ 4 ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವುದು ಅವೇ. ಅವನ್ನು ಉಳಿಸಿದರೂ ಕೆಲವು ದಿನ ಮಂಕಾಗಬಹುದು. ಒಂದು ರಾತ್ರಿ ತುಟಿಯ ಸುತ್ತ ಜುಮುಜುಮು ಶುರುವಾಯಿತು, ಆಮೇಲೆ ಬೆರಳ ತುದಿಗಳಲ್ಲಿ. ನಿದ್ದೆಗಣ್ಣು ಅಂತ ಸುಮ್ನೆ ಇದ್ದೆ. ಬೆರಳು ಉಜ್ಜಿಕೊಳ್ಳುವುದನ್ನು ಸುಗ್ರೀವ ನೋಡಿ ಬೆಲ್ ಒತ್ತಿದಳು. ರಕ್ತ ತೆಗೆದರು, ಕ್ಯಾಲ್ಸಿಯಂ ಇಳಿದಿತ್ತು. ಇಸಿಜಿ ಹಾಕಿಕೊಂಡು ನಿಧಾನಕ್ಕೆ ಡ್ರಿಪ್ಪಿನಲ್ಲಿ ಕೊಟ್ಟರು. ಇದು ಮನೆಗೆ ಹೋದ ಮೇಲೂ ಆಗಬಹುದು, ಆಪರೇಷನ್ ಆದ ಮೊದಲ ಕೆಲವು ದಿನ ಎಚ್ಚರ ಬೇಕು. ತುಟಿ, ಬೆರಳು ಜುಮ್ಮೆಂದರೆ, ಕೈ ಸೆಟೆದುಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಕುತ್ತಿಗೆ ಊದಿ ಉಸಿರು ಕಟ್ಟಿದ ಹಾಗಾದರೂ ಅಷ್ಟೇ. ಜೊತೆಗೆ ಇರುವವರಿಗೆ ಇದನ್ನು ಮೊದಲೇ ಹೇಳಿಡಿ.

ಡಿಸ್ಚಾರ್ಜ್ ದಿನ ಇನ್ಶೂರೆನ್ಸಿನ ಕೊನೆಯ ಒಪ್ಪಿಗೆಗೆ ಕಾದು ಕಾದು ಸಂಜೆಯಾಯಿತು. ಬಿಲ್ ಒಟ್ಟು ಒಂದೂಕಾಲು ಲಕ್ಷದ ಹತ್ತಿರ. ಕೈಯಿಂದ ಹೋದದ್ದು ಹದಿನೈದು ಸಾವಿರದಷ್ಟು, ಮುಖ್ಯವಾಗಿ ನರದ ಮಾನಿಟರಿಗೆ ಬೇಕಾದ ವಿಶೇಷ ಟ್ಯೂಬ್ ಮತ್ತು ಗ್ಲೌಸ್, ಹತ್ತಿ ಇತ್ಯಾದಿ. ಆ ಟ್ಯೂಬಿನ ದುಡ್ಡಿನ ಬಗ್ಗೆ ನನಗೆ ಬೇಸರ ಇಲ್ಲ.

ಮನೆಗೆ ಬಂದ ಮೇಲೆ ಮೌನ. ಪೂರ್ತಿ ಮೌನ ಬೇಕಾಗಿಲ್ಲ, ಮೆತ್ತಗೆ ಸಹಜವಾಗಿ ಬೇಕಾದಷ್ಟೇ ಮಾತಾಡಿ ಅಂದಿದ್ದರು. ಆದರೆ ಪಿಸುಗುಟ್ಟಬಾರದು. ಪಿಸುಮಾತು ಗಂಟಲಿಗೆ ಆರಾಮ ಅಂತ ನಾವು ತಿಳಿದಿರುತ್ತೇವೆ, ಅದರಿಂದ ಒತ್ತಡ ಹೆಚ್ಚೇ ಬೀಳಬಹುದಂತೆ. ಕಷ್ಟ ಬಂದದ್ದು ನೋಡಲಿಕ್ಕೆ ಬಂದವರಿಂದ. ಬಂದವರು ಕಥೆ ಕೇಳುತ್ತಾರೆ. ಅದೇ ಕಥೆಯನ್ನು ಎಷ್ಟು ಸಲ ಹೇಳುವುದು? ರಾಮ ಒಂದು ರಟ್ಟಿನ ಬೋರ್ಡ್ ಬರೆದು ಗೇಟಿಗೆ ಕಟ್ಟಿದಳು: ‘ವಾಲಿ ಮೌನದಲ್ಲಿದ್ದಾನೆ. ಬಂದವರು ತಾವೇ ಮಾತಾಡಿ ಹೋಗತಕ್ಕದ್ದು.’ ಅತ್ತೆಗೆ ಅದು ಅಷ್ಟು ಇಷ್ಟವಾಗಲಿಲ್ಲ. ಆದರೆ ಪ್ರಯೋಜನ ಆಯಿತು. ಮಗಳ ಹಳೆಯ ಸ್ಲೇಟು ಹಾಸಿಗೆಯ ಪಕ್ಕ ಇತ್ತು, ಬೇಕಾದ್ದು ಬರೆದು ತೋರಿಸುತ್ತಿದ್ದೆ.

ಊಟಕ್ಕೆ ಸಂಘದವರು ಸರದಿ ಹಾಕಿಕೊಂಡಿದ್ದರು. ಒಳ್ಳೆಯ ಸಂಗತಿ ಏನಂದರೆ ಅವರು ‘ಎಂತ ಮಾಡಿ ತರ್ಲಿ?’ ಅಂತ ನನ್ನನ್ನು ಕೇಳುತ್ತಿರಲಿಲ್ಲ. ಪಟ್ಟಿ ಮೊದಲೇ ಮಗಳ ಹತ್ತಿರ ಹೋಗಿರುತ್ತಿತ್ತು. ಒಂದು ದಿನ ಹೆಸರುಕಾಳಿನ ಗಂಜಿ, ಒಂದು ದಿನ ಮೆತ್ತಗಿನ ಅನ್ನ ಮತ್ತು ಒಂದೆಲಗದ ತಂಬುಳಿ, ಒಂದು ದಿನ ತೆಳ್ಳವು. ಪಾತ್ರೆಗೆ ಹೆಸರು ಬರೆದ ಚೀಟಿ ಅಂಟಿಸಿರುತ್ತಿತ್ತು, ಯಾರ ಪಾತ್ರೆ ಯಾರಿಗೆ ಅಂತ ಹುಡುಕುವ ಕೆಲಸ ಇಲ್ಲ. ರೋಗಿಯ ಮನೆಗೆ ಊಟ ಕೊಡುವವರು ದಯವಿಟ್ಟು ಇದನ್ನು ಕಲಿಯಿರಿ.

ಮಾತ್ರೆಗಳ ಲೆಕ್ಕಕ್ಕೂ ಸ್ವಲ್ಪ ತಲೆ ಬೇಕು. ಗ್ರಂಥಿ ಮಾಡುತ್ತಿದ್ದ ಹಾರ್ಮೋನಿನ ಬದಲಿಗೆ ಕೊಡುವ ಮಾತ್ರೆ ಥೈರಾಕ್ಸಿನ್, ಅದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಇಲ್ಲ, ಕಾಫಿಯೂ ಇಲ್ಲ. ಬೆಳಿಗ್ಗೆ ಏಳುತ್ತಲೇ ಕಾಫಿ ಬೇಕಾದವರಿಗೆ ಇದೇ ದೊಡ್ಡ ಶಿಕ್ಷೆ. ಕ್ಯಾಲ್ಸಿಯಂ ಮಾತ್ರೆ ಅದಕ್ಕಿಂತ 4 ಗಂಟೆ ದೂರ ಇರಬೇಕು, ಇಲ್ಲದಿದ್ದರೆ ಥೈರಾಕ್ಸಿನ್ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆಗೂ ಅದೇ ನಿಯಮ. ಗ್ರಂಥಿ ಪೂರ್ತಿ ತೆಗೆದವರಿಗೆ ಥೈರಾಕ್ಸಿನ್ ಜೀವಮಾನಕ್ಕೆ. ಆದರೆ ತಿಂಗಳಿಗೆ ನೂರು ರೂಪಾಯಿಯೂ ಆಗುವುದಿಲ್ಲ. ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ನೋಡಿ ಡೋಸ್ ಹೊಂದಿಸುತ್ತಾರೆ. ಅಲ್ಲಿಯವರೆಗೆ ಸುಸ್ತು, ಸಿಡುಕು ಎರಡೂ ಇರಬಹುದು, ಮನೆಯವರಿಗೆ ಹೇಳಿಡಿ.

ಬಯಾಪ್ಸಿ ರಿಪೋರ್ಟ್ ಬರಲಿಕ್ಕೆ ಒಂದು ವಾರ ಅಂದವರು ಇನ್ನೂ ಕೆಲವು ದಿನ ಕಾಯಿಸಿದರು. ಆ ದಿನಗಳಲ್ಲಿ ನನಗೆ ಯಾವ ದೇವರೂ ನೆನಪಾಗಲಿಲ್ಲ. ಸುಮ್ನೆ ಕೂತು ಫೋನ್ ನೋಡುತ್ತಿದ್ದೆ. ಕೊನೆಗೆ ಬಂತು. ಕ್ಯಾನ್ಸರ್ ಅಲ್ಲ, ಫಾಲಿಕ್ಯುಲರ್ ಅಡಿನೋಮ. ಸಂಘದ ಗುಂಪಿಗೆ ಕಳಿಸಿದೆ. ಮದ್ದಳೆಯವಳು ಒಂದು ಮುಕ್ತಾಯ ನುಡಿಸಿ ಆಡಿಯೋ ಹಾಕಿದಳು, ಬೇರೆ ಮಾತಿಲ್ಲ. ರಿಪೋರ್ಟ್ ಏನೇ ಬರಲಿ, ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಗಂಟಿನ ತುಂಡು) ಮತ್ತು ಸ್ಲೈಡ್ ಎಲ್ಲಿರುತ್ತದೆ, ಬೇಕಾದಾಗ ಹೇಗೆ ಸಿಗುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಸ್ವರಕ್ಕೆ ವಾಕ್ ಚಿಕಿತ್ಸಕರ ಹತ್ತಿರ ಹೋಗಲು ಸರ್ಜನ್ ಬರೆದುಕೊಟ್ಟರು. ಮಂಗಳೂರಿನಲ್ಲೇ ಸಿಕ್ಕರು. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ನನ್ನ ವ್ಯಾಯಾಮ ಇಷ್ಟೇ. ಲೋಟದಲ್ಲಿ ಅರ್ಧ ನೀರು, ಅದರಲ್ಲಿ ಸ್ಟ್ರಾ. ಸ್ಟ್ರಾದಲ್ಲಿ ‘ಊ’ ಅಂತ ಸ್ವರ ಕೊಡುತ್ತಾ ನೀರಿನಲ್ಲಿ ಗುಳ್ಳೆ ಎಬ್ಬಿಸಬೇಕು. ಗುಳ್ಳೆ ಒಂದೇ ಸಮ ಬರಬೇಕು. ಮನೆಯಲ್ಲಿ ಒಬ್ಬಳೇ ಮಾಡುವಾಗ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಭಾಗವತರಿಗೆ ಹೇಳಿದೆ. ಮುಂದಿನ ಭಾನುವಾರ ಅಭ್ಯಾಸಕ್ಕೆ ಹೋದರೆ ಎಲ್ಲರ ಮುಂದೆಯೂ ಒಂದೊಂದು ಸ್ಟೀಲ್ ಲೋಟ, ಒಂದೊಂದು ಸ್ಟ್ರಾ! ಶ್ರುತಿಪೆಟ್ಟಿಗೆ ಇಟ್ಟುಕೊಂಡು ಎಲ್ಲರೂ ಬುಡುಬುಡು ಶುರು ಮಾಡಿದರು. ಸುಗ್ರೀವನ ಸೀರೆಯ ಮೇಲೆ ನೀರು. ತಾರೆ ನಕ್ಕು ಮೂಗಿಗೆ ಹತ್ತಿ ಕೆಮ್ಮಿದಳು. ಭಾಗವತರು ಮಾತ್ರ ಕಣ್ಣು ಮುಚ್ಚಿ, ಶ್ರುತಿ ಬಿಡದೆ ‘ಊ’ ಎಳೆದರು. ಈಗಲೂ ಅಭ್ಯಾಸಕ್ಕೆ ಮೊದಲು ಇದು ನಡೆಯುತ್ತದೆ. ಇದರಿಂದ ತಮ್ಮ ಸ್ವರವೂ ತೆರೆದುಕೊಳ್ಳುತ್ತದೆ ಅನ್ನುತ್ತಾರೆ.

ಮಾತಾಡಲಿಕ್ಕೆ ಆಗದ ದಿನಗಳಲ್ಲಿ ನನಗೆ ಚಕ್ರತಾಳ ಕೊಟ್ಟರು. ನಾನು ಅರ್ಥಧಾರಿ, ತಾಳ ಹಾಕಿ ಅಭ್ಯಾಸ ಇಲ್ಲ. ತಪ್ಪಿದರೆ ಭಾಗವತರು ಹಾಡುತ್ತಲೇ ತಿರುಗಿ ನೋಡುತ್ತಿದ್ದರು. ರೋಗಿ ಅಂತ ರಿಯಾಯಿತಿ ಇರಲಿಲ್ಲ. ಮನೆಯಲ್ಲಿ ಎಲ್ಲರೂ ನನ್ನನ್ನು ಮೆತ್ತಗೆ ನೋಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಆ ಒಂದು ನೋಟ ನನಗೆ ಎಷ್ಟು ಹಿತವಾಗಿತ್ತು ಅಂತ ಹೇಳಲಿಕ್ಕೆ ಬರುವುದಿಲ್ಲ.

ಶಾಲೆಗೆ ಮರಳಿದಾಗ ಸೊಂಟಕ್ಕೆ ಕಟ್ಟುವ ಸಣ್ಣ ಮೈಕ್ ತೆಗೆದುಕೊಂಡೆ. ಎರಡು ಸಾವಿರದೊಳಗೆ ಸಿಗುತ್ತದೆ. ಮಕ್ಕಳು ಒಂದು ವಾರ ನಕ್ಕರು, ಆಮೇಲೆ ಮರೆತರು. ಟೀಚರ್‌ಗಳು ಆಪರೇಷನ್ ಆಗದಿದ್ದರೂ ಇಟ್ಟುಕೊಳ್ಳಬಹುದು.

ಸ್ವರ ಬಂದದ್ದು ನಿಧಾನವಾಗಿ. ಮೊದಲಿನ ರೆಕಾರ್ಡಿಂಗ್ ಜೊತೆ ಹೋಲಿಸಿದ್ದರಿಂದಲೇ ಬರುತ್ತಿದೆ ಅಂತ ಗೊತ್ತಾಯಿತು, ದಿನಾ ಕೇಳುವ ನಮಗೆ ಗೊತ್ತಾಗುವುದಿಲ್ಲ. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಸಂಘದ ವಾರ್ಷಿಕ ಕೂಟ, ವಾಲಿವಧೆ ಅಂತ ಮೊದಲೇ ನಿಶ್ಚಯವಾಗಿತ್ತು. ಈ ವರ್ಷ ನಾನಿಲ್ಲ ಅಂದೆ. ಗದರಿಕೆ ನನ್ನಿಂದ ಸಾಧ್ಯವೇ ಇರಲಿಲ್ಲ. ಭಾಗವತರು ಸ್ವಲ್ಪ ಹೊತ್ತು ಯೋಚಿಸಿ, ‘ಬಾಣ ಬಿದ್ದ ಮೇಲೆ ವಾಲಿ ಗದರಿಸ್ತಾನಾ?’ ಅಂದರು. ಒಂದು ಪಾತ್ರವನ್ನು ಇಬ್ಬರು ಹಂಚಿಕೊಳ್ಳುವುದು ತಾಳಮದ್ದಳೆಯಲ್ಲಿ ಇದ್ದದ್ದೇ. ಯುದ್ಧದವರೆಗಿನ ವಾಲಿ ಹೊಸ ಹುಡುಗಿಗೆ. ರಾಮನ ಬಾಣ ತಾಗಿ ನೆಲಕ್ಕೆ ಬಿದ್ದು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ಕೇಳುವ ವಾಲಿ ನನಗೆ. ಅಲ್ಲಿ ಬೇಕಾದ್ದು ಉಸಿರು ಸೋರುವ ಸ್ವರ. ನಟನೆ ಮಾಡಬೇಕಾಗಿಯೇ ಇರಲಿಲ್ಲ. ವಾಕ್ ಚಿಕಿತ್ಸಕರ ಹತ್ತಿರ ಕೇಳಿದೆ. ಹತ್ತು ನಿಮಿಷ, ಮೈಕ್ ಇಟ್ಟುಕೊಂಡು, ಸ್ವರ ಏರಿಸದೆ ಆದರೆ ಆಗಬಹುದು ಅಂದರು.

ಮಳೆ ಜೋರಿತ್ತು. ಹಂಚಿನ ಸದ್ದಿನಲ್ಲಿ ನನ್ನ ಸ್ವರ ಹಿಂದಿನ ಸಾಲಿಗೆ ಮುಟ್ಟುತ್ತದಾ ಅಂತ ಭಯ ಇತ್ತು. ಜನ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಕೂಟ ಮುಗಿದು ಊಟಕ್ಕೆ ಕೂತಾಗ ಯಾರೂ ಆಪರೇಷನ್ ಸುದ್ದಿ ಎತ್ತಲಿಲ್ಲ. ರಾಮ ಮಾತ್ರ ಬಹಳ ಸಿಟ್ಟಿನಲ್ಲಿದ್ದಳು. ತನ್ನ ಉತ್ತರ ಮುಗಿಯುವ ಮೊದಲೇ ನಾನು ಮುಂದಿನ ಪ್ರಶ್ನೆ ಹಾಕಿದೆ ಅಂತ ಅವಳ ದೂರು. ಭಾಗವತರು ಇನ್ನೂ ಒಂದು ಸೇರಿಸಿದರು: ‘ಹತ್ತು ನಿಮಿಷ ಅಂದದ್ದು, ನೀನು ಇಪ್ಪತ್ತೆರಡು ತೆಗೊಂಡೆ.’